ಶ್ರುತಿಪೆಟ್ಟಿಗೆಯ ಹಿಂದಿನ ಕೊಳಲುಗಾರರು

ನಮ್ಮ ಗಟ್ಟು, ಗದ್ವಾಲ, ಮಕ್ತಲ ಸೀಮೆಯಲ್ಲಿ ದಾಸರ ಪದಗಳಿಗೆ ಬರವಿಲ್ಲ. ಗೋಪಾಲದಾಸರ ಉತ್ತನೂರು ನಮ್ಮ ನೆರೆಯದೇ. ಬರವಿದ್ದುದು ತಂಬೂರಿಗೆ, ಅದಕ್ಕಿಂತಲೂ ಅದನ್ನು ಶ್ರುತಿಗೂಡಿಸಿ ಮೀಟುವ ಕೈಗಳಿಗೆ. ಈಗ ಭಜನೆಗೆ ಕುಳಿತವರು ಪೆಟ್ಟಿಗೆಯೊಂದರ ಗುಂಡಿ ತಿರುವುತ್ತಾರೆ; ಶ್ರುತಿ ತಾನಾಗಿ ಮೊಳಗುತ್ತದೆ. ಅದನ್ನು ರಚಿಸಿದವರಾರೆಂದು ಸಹೋಪಾಧ್ಯಾಯರನ್ನು ಕೇಳಿ ನೋಡಿದೆವು, ಯಾರೂ ಹೇಳಲಿಲ್ಲ. ನಮಗೂ ಬಹುಕಾಲ ತಿಳಿದಿರಲಿಲ್ಲವೆಂದು ಒಪ್ಪಿಕೊಳ್ಳುವುದೇ ಲೇಸು.

ಅವರು ಬೆಂಗಳೂರಿನ ಜಿ. ರಾಜ್ ನಾರಾಯಣ್. ವೃತ್ತಿಯಿಂದ ಇಂಜಿನಿಯರು, ಅಭ್ಯಾಸದಿಂದ ಕೊಳಲುವಾದಕರು. ಇಲೆಕ್ಟ್ರಾನಿಕ್ ಶ್ರುತಿವಾದ್ಯವನ್ನು ರಚಿಸಿ 1979ರಲ್ಲಿ ಮದರಾಸಿನ ಸಂಗೀತ ಅಕಾಡೆಮಿಯಲ್ಲಿ ವಿದ್ವಾಂಸರ ಮುಂದಿಟ್ಟರು. ಅವರ ‘ರಾಡೆಲ್’ ಸಂಸ್ಥೆಯಿಂದ ಮುಂದೆ ತಬಲಾದ ಠೇಕಾ ನುಡಿಸುವ ‘ತಾಳಮಾಲಾ’, ಅನಂತರ ಡಿಜಿಟಲ್ ವೀಣೆ ಹೊರಬಂದವು. ಪಶ್ಚಿಮದಲ್ಲಿ ಥೆರೆಮಿನ್ನನು 1920ರ ಸುಮಾರಿಗೇ ಮುಟ್ಟದೆ ನುಡಿಸುವ ವಾದ್ಯ ಮಾಡಿದ್ದನು. ಆದರೆ ಅದರಿಂದ ನಮ್ಮ ಗಾಯಕರ ಕೊರತೆ ನೀಗುವಂತಿರಲಿಲ್ಲ.

ಕೆಲಸವು ತೋರುವಷ್ಟು ಸುಲಭವಲ್ಲ. ತಂಬೂರಿಗೆ ನಾಲ್ಕೇ ತಂತಿ: ಸಾಮಾನ್ಯವಾಗಿ ಒಂದು ಪಂಚಮ, ಎರಡು ಷಡ್ಜ, ಒಂದು ಕೆಳಸ್ಥಾಯಿಯ ಷಡ್ಜ. ಕುದುರೆಯ ಮೇಲೆ ತಂತಿಯಡಿ ನೂಲಿನೆಳೆಯಿಟ್ಟು ಸರಿಪಡಿಸಿದಾಗ ತಂತಿ ಕುದುರೆಯನ್ನು ಸವರಿ ಸವರಿ ಮಿಡಿಯುತ್ತದೆ. ಒಂದು ಸ್ವರದೊಳಗಿಂದ ಹಲವು ಮೇಲುಸ್ವರಗಳು ಹೊಮ್ಮುತ್ತವೆ. ಇದೇ ಜೀವಾಳ. ಬರಿಯ ಸ್ವರವನ್ನು ವಿದ್ಯುತ್ತಿನಿಂದ ಹುಟ್ಟಿಸುವುದು ಪ್ರಯೋಗಶಾಲೆಯ ಹುಡುಗರಿಗೂ ಸಾಧ್ಯ. ಮೀಟಿದೊಡನೆ ಎದ್ದು, ಮೆಲ್ಲನೆ ಇಳಿದು, ಮುಂದಿನ ತಂತಿಯೊಡನೆ ಬೆರೆಯುವ ನಾದವನ್ನು ಹುಟ್ಟಿಸಲು ಕಿವಿ ಬೇಕು. ಸಂಗೀತಗಾರನೇ ಇಂಜಿನಿಯರಾದುದರ ಬೆಲೆ ಇಲ್ಲಿ ತಿಳಿಯುತ್ತದೆ.

ಆಕ್ಷೇಪಗಳಿಲ್ಲದಿಲ್ಲ. ಪೆಟ್ಟಿಗೆಯ ನಾದಕ್ಕೆ ಮರದ ಉಸಿರಿಲ್ಲವೆನ್ನುವವರುಂಟು. ನಾವೂ ಅವರ ಪಕ್ಷವೇ. ಅದಕ್ಕಿಂತ ದೊಡ್ಡ ನಷ್ಟವೊಂದುಂಟು. ಹಿಂದೆ ಶಿಷ್ಯನು ಗುರುವಿನ ಹಿಂದೆ ಕುಳಿತು ತಂಬೂರಿ ಮೀಟುತ್ತಲೇ ಕಿವಿ ಬಲಿಯಿಸಿಕೊಳ್ಳುತ್ತಿದ್ದನು. ಈಗ ಆ ಸ್ಥಾನ ಖಾಲಿ. ಆದರೆ ಗುರುವೂ ತಂಬೂರಿಯೂ ಇಲ್ಲದ ಗಡಿಹಳ್ಳಿಯ ಹುಡುಗಿಗೆ ಈ ಪೆಟ್ಟಿಗೆಯಲ್ಲದೆ ಬೇರೆ ಆಸರೆ ಯಾವುದು?

ನಮ್ಮ ಶಾಲೆಯಲ್ಲಿ ಮಕ್ಕಳು ಮೊದಲು ಕೊರಳಿನಿಂದಲೇ ಷಡ್ಜ ಹಿಡಿಯಬೇಕು. ಆಮೇಲೆ ಪೆಟ್ಟಿಗೆ ಹಾಕಿ ತಾಳೆ ನೋಡುತ್ತೇವೆ. ಬಹಳ ಸಲ ಕೊರಳು ತಪ್ಪಿರುತ್ತದೆ, ಮಕ್ಕಳು ನಗುತ್ತಾರೆ. ಕಳೆದ ವರ್ಷದಿಂದ ಪೆಟ್ಟಿಗೆಯ ಮೇಲೆ ಚೀಟಿಯಂಟಿಸಿ ರಾಜ್ ನಾರಾಯಣರ ಹೆಸರನ್ನು ಕನ್ನಡದಲ್ಲಿ ಬರೆಸಿದ್ದೇವೆ.