ಬೇಸಗೆಯ ಹಳ್ಳದ ದಂಡೆ

ಮಲೆನಾಡನ್ನು ನೋಡಬಯಸುವವರು ಸಾಮಾನ್ಯವಾಗಿ ಮಳೆಗಾಲದಲ್ಲಿ ಜೋಗಕ್ಕೆ ಬಂದು, ಭೋರ್ಗರೆತವನ್ನು ಕೇಳಿ ಹಿಂದಿರುಗುವರು. ಕಾಡಿನ ಒಳಬಾಳನ್ನು ತಿಳಿಯಬೇಕೆನ್ನುವವರು ಏಪ್ರಿಲ್, ಮೇ ತಿಂಗಳುಗಳಲ್ಲಿ ಬಂದು ಯಾವುದಾದರೊಂದು ಹಳ್ಳದ ದಂಡೆಯನ್ನು ಹಿಡಿದು ನಡೆಯಬೇಕು. ಗುಡ್ಡದ ನೆತ್ತಿಯ ಹುಲ್ಲು ಬೆಂದುಹೋಗಿರುವ ಆ ದಿನಗಳಲ್ಲಿ ಕಾಡಿನ ಜೀವವೆಲ್ಲ ನೀರಿರುವ ಕಿರಿದಾದ ಪಟ್ಟಿಗೆ ಇಳಿದು ಬಂದಿರುತ್ತದೆ. ನಮ್ಮ ಸಿದ್ದಾಪುರ ತಾಲ್ಲೂಕಿನ ಹಳ್ಳಗಳಲ್ಲಿ ರಜೆಯ ತಿರುಗಾಟದಲ್ಲಿ ಕಂಡುದನ್ನಷ್ಟೇ ಇಲ್ಲಿ ಹೇಳುತ್ತೇನೆ.

ಮೊದಲು ಅಶೋಕ. ಪೇಟೆಯ ಹೂದೋಟಗಳಲ್ಲಿ ಕಂಬದಂತೆ ನೆಟ್ಟಗೆ ನಿಂತ ಮರವನ್ನು ಜನರು ಅಶೋಕವೆನ್ನುವರು. (ನಮ್ಮ ಕಾಲೇಜಿನ ಅಂಗಳದಲ್ಲಿರುವುದೂ ಅದೇ!) ಅದು ಸೀತಾಫಲದ ಬಳಗದ ಬೇರೆಯ ಮರ. ನಿಜವಾದ ಅಶೋಕವು ಹುಣಸೆಯ ಬಳಗದ್ದು. ಹಳ್ಳದ ನೆರಳಿನಲ್ಲಿ ಬೆಳೆಯುವುದು. ಇದರ ಹೂಗೊಂಚಲು ಕಾಂಡದಿಂದಲೇ ಒಡೆದು ಬರುವುದುಂಟು. ಅರಳಿದಾಗ ಕಿತ್ತಳೆಯ ಬಣ್ಣ, ಬಾಡುವ ಮುನ್ನ ಕೆಂಪು. ಎಸಳೆಂದು ನಾವು ತಿಳಿಯುವ ಭಾಗವು ಹೂವಿನ ಪುಷ್ಪಪಾತ್ರೆಯೇ ಹೊರತು, ಇದಕ್ಕೆ ದಳಗಳೇ ಇಲ್ಲ. ಔಷಧಿಗೆಂದು ಸುತ್ತಲೂ ತೊಗಟೆ ಸುಲಿದ ಮರ ನಿಂತಲ್ಲಿಯೇ ಒಣಗುವುದು.

ಮೇ ತಿಂಗಳಲ್ಲಿ ಸೀತಾಳೆ ದಂಡೆ ಅರಳುವುದು. ಮರದ ಕೊಂಬೆಯಿಂದ ಜಡೆಯಂತೆ ತೂಗುವ ಈ ಹೂವನ್ನು ಬಂದಳಿಕೆಯೆಂದು ಬಗೆದು ಕಿತ್ತೆಸೆಯುವವರೂ ಉಂಟು. ಪಾಪ, ಅದು ಮರದ ರಸವನ್ನು ಹೀರುವುದಿಲ್ಲ. ಬೇರಿನ ಮೇಲಿನ ಸ್ಪಂಜಿನಂತಹ ಪದರದಿಂದ ಮಳೆಯ ನೀರನ್ನು ಹಿಡಿದುಕೊಂಡು ಬದುಕುವುದು.

ಹಳ್ಳವು ಬೇಸಗೆಯಲ್ಲಿಯೂ ಹರಿಯುವುದೇಕೆ? ಇದಕ್ಕೆ ಉತ್ತರ ಬೇಕಾದರೆ ಜೋಗದಿಂದ ಹೊನ್ನಾವರಕ್ಕೆ ಇಳಿಯುವ ದಾರಿಯಲ್ಲಿರುವ ಕತ್ತಲೆಕಾನಿಗೆ ಹೋಗಬೇಕು. ಅಲ್ಲಿ ಕಾಡುಜಾಯಿಕಾಯಿಯ ಬಳಗದ ಮರಗಳು ಜೌಗಿನಲ್ಲಿಯೇ ನಿಂತಿವೆ. ನೀರು ನಿಂತ ಕೆಸರಿನಲ್ಲಿ ಗಾಳಿಯಿಲ್ಲದುದರಿಂದ ಬೇರುಗಳು ಮಡಿಸಿದ ಮೊಣಕಾಲಿನಂತೆ ಮೇಲೆದ್ದು ಉಸಿರಾಡಿ ಮತ್ತೆ ಕೆಳಗಿಳಿಯುತ್ತವೆ. ಇಲ್ಲಿಯ ಒಂದು ಗೇರು ಜಾತಿಯ ಮರವನ್ನು ಲೋಕವು ಗುರುತಿಸಿ, ಈ ಊರಿನದೇ ಹೆಸರಿಟ್ಟುದು 2000ದಲ್ಲಿ. ಸಿಂಗಳೀಕಗಳಿಗಾಗಿ ಅಘನಾಶಿನಿ ಸಂರಕ್ಷಿತ ಪ್ರದೇಶವಾದುದು 2011ರಲ್ಲಿ. ಹಿಂದೆ ಇಂತಹ ಎಷ್ಟೋ ಜೌಗುಗಳು ಗದ್ದೆ ತೋಟಗಳಾದುವು. ಆ ಗದ್ದೆಗಳ ಅನ್ನವುಂಡು ಬೆಳೆದ ನಾನು ಹಿರಿಯರನ್ನು ದೂಷಿಸಲಾರೆ. ಆದರೆ ಮೇಲಿನ ಜೌಗು ಹೋದರೆ ಕೆಳಗಿನ ಹಳ್ಳಕ್ಕೆ ನೀರೂಡುವವರಾರು? ಈಗಂತೂ ಮಾರ್ಚಿಯಲ್ಲಿಯೇ ಹಳ್ಳದ ಗುಂಡಿಗಳಿಗೆ ಪಂಪುಗಳು ಇಳಿಯುತ್ತವೆ.

ಗುಡುಗಿನ ಮೊದಲ ಮಳೆಗಳು ಬಿದ್ದು ನೆಲ ನೆನೆದ ಮೇಲೆ ಹುತ್ತದ ಅಣಬೆಯ ಸರದಿ. ಇದರ ಕಥೆ ಸೋಜಿಗದ್ದು. ಗೆದ್ದಲು ತಾನು ಕಡಿದು ತಂದ ಒಣಮರ, ತರಗೆಲೆಗಳನ್ನು ನೆಲದೊಳಗೆ ಜೇನುಹಲ್ಲೆಯಂತೆ ಕಟ್ಟಿ, ಅದರ ಮೇಲೆ ಈ ಬೂಷ್ಟನ್ನು ಬೆಳೆಸುವುದು. ಗೆದ್ದಲಿಗೆ ಸುಲಭವಾಗಿ ಅರಗದ ಮರವನ್ನು ಬೂಷ್ಟು ಅರಗಿಸಿಕೊಡುವುದು. ಅಣಬೆಯನ್ನು ಮೆಲ್ಲಗೆ ಅಗೆದರೆ ಅದರ ಬುಡವು ಉದ್ದನೆಯ ಬೇರಿನಂತೆ ಆ ಗೂಡಿನವರೆಗೂ ಇಳಿದಿರುವುದು ಕಾಣುತ್ತದೆ. ಗೂಡನ್ನೇ ಅಗೆದು ಕೆಡಿಸಿದರೆ ಮರುವರ್ಷ ಅಲ್ಲಿ ಅಣಬೆಯೂ ಇಲ್ಲ.

ನಮ್ಮ ಮನೆಯಲ್ಲಿ ನನಗಿಂತ ಮೊದಲು ಶಾಲೆಯ ಮುಖ ಕಂಡವರಿಲ್ಲ. ಆದರೂ ಅಣಬೆಯ ಪಾಠ ನನಗಾದುದು ಅಜ್ಜಿಯಿಂದಲೇ. ಕೊಡೆ ಪೂರ್ತಿ ಬಿಚ್ಚಿದುದನ್ನು ಆಕೆ ಮುಟ್ಟಗೊಡಳು. ಬಿಚ್ಚಿದ ಕೊಡೆಯ ಅಡಿಯಿಂದಲೇ ಬೀಜದ ಧೂಳು ಉದುರುವುದೆಂದು ಪುಸ್ತಕದಲ್ಲಿ ಓದಿದಾಗ ಆ ಕಟ್ಟಳೆಯ ಅರ್ಥ ತಿಳಿಯಿತು. ಒಂದು ಮಾತು ಮಾತ್ರ ಗಟ್ಟಿಯಾಗಿ ಹೇಳಬೇಕು: ಸಾರಿಗೆ ಬೆಳ್ಳಿಯ ನಾಣ್ಯ ಹಾಕಿ, ಅದು ಕಪ್ಪಾಗದಿದ್ದರೆ ಅಣಬೆ ವಿಷವಲ್ಲವೆಂಬ ನಂಬಿಕೆ ಸುಳ್ಳು. ಕೊಲ್ಲುವ ಅಣಬೆಗಳೂ ನಾಣ್ಯವನ್ನು ಬೆಳ್ಳಗೇ ಬಿಡುತ್ತವೆ. ಗುರುತು ತಿಳಿಯದುದನ್ನು ತಿನ್ನದಿರುವುದೊಂದೇ ದಾರಿ.

ಇದೇ ಸಮಯದಲ್ಲಿ ಸಂಜೆಗತ್ತಲಲ್ಲಿ ಮಿಣುಕುಹುಳುಗಳು ಏಳುತ್ತವೆ. ಬೆಳಕು ಅವುಗಳ ಕರೆಯೋಲೆ; ಗಂಡು ಮಿನುಗಿ ಕೇಳುವುದು, ಹೆಣ್ಣು ಮಿನುಗಿ ಉತ್ತರಿಸುವುದು. ಇವುಗಳ ಮರಿಹುಳುಗಳು ತೇವದ ನೆಲದಲ್ಲಿ ಬಸವನಹುಳುಗಳನ್ನು ತಿಂದು ಬೆಳೆಯುವುದರಿಂದ ಹಳ್ಳದ ದಂಡೆಯೇ ಅವಕ್ಕೆ ತವರು. ಹತ್ತಿರ ವಿದ್ಯುದ್ದೀಪವಿದ್ದರೆ ಆ ಸಂಭಾಷಣೆ ಕೆಡುವುದು. ಜೂನಿನ ಜಡಿಮಳೆ ಹಿಡಿಯಿತೆಂದರೆ ಅವೂ ಮಾಯ. ಸಂಕವು ನೀರಿನಡಿ ಮುಳುಗುವುದು. ಹಳ್ಳದ ಆಚೆಗಿನ ದಾರಿ ನವೆಂಬರಿನವರೆಗೆ ಮುಚ್ಚಿದಂತೆಯೇ.