ಮನೋರೋಗಿಗಳ ಬಂಧು ಡೊರೊಥಿಯಾ ಡಿಕ್ಸ್

ಜ್ವರ ಬಂದವನನ್ನು ಕಂಡು ಮರುಗುವ ಜನರೇ ಬುದ್ಧಿ ಕೆಟ್ಟವನನ್ನು ಕಂಡು ಹೆದರುತ್ತಾರೆ, ಇಲ್ಲವೆ ನಗುತ್ತಾರೆ. ಚಿತ್ತಭ್ರಮೆಯೂ ಒಂದು ರೋಗ, ಅದಕ್ಕೂ ಚಿಕಿತ್ಸೆಯುಂಟು ಎಂಬ ಅರಿವು ವೈದ್ಯರಲ್ಲಿ ಮೂಡಿದ ಮೇಲೂ, ಅದು ಸರ್ಕಾರದ ಬೊಕ್ಕಸದ ಬಾಗಿಲನ್ನು ತಲುಪಲು ಬಹಳ ಕಾಲ ಹಿಡಿಯಿತು. ಅಮೆರಿಕದಲ್ಲಿ ಆ ಬಾಗಿಲನ್ನು ಬಿಡದೆ ತಟ್ಟಿದವಳು ವೈದ್ಯೆಯಲ್ಲ, ರಾಜಕಾರಣಿಯೂ ಅಲ್ಲ. ಮತದಾನದ ಹಕ್ಕು ಕೂಡ ಇಲ್ಲದಿದ್ದ ಒಬ್ಬ ಉಪಾಧ್ಯಾಯಿನಿ.

ಡೊರೊಥಿಯಾ ಡಿಕ್ಸ್ 1802ನೆಯ ಇಸವಿ ಏಪ್ರಿಲ್ 4ರಂದು, ಇಂದಿನ ಮೇನ್ ರಾಜ್ಯಕ್ಕೆ ಸೇರಿದ ಹ್ಯಾಂಪ್ಡನ್ ಎಂಬ ಊರಿನಲ್ಲಿ ಜನಿಸಿದಳು. ತಂದೆ ಊರೂರು ತಿರುಗುವ ಧರ್ಮಬೋಧಕ; ಮನೆಯಲ್ಲಿ ನೆಮ್ಮದಿಯಿರಲಿಲ್ಲ. ಹನ್ನೆರಡರ ವಯಸ್ಸಿನಲ್ಲಿ ಆಕೆ ಬಾಸ್ಟನ್ನಿನಲ್ಲಿದ್ದ ಅಜ್ಜಿಯ ಆಶ್ರಯ ಸೇರಿದಳು. ಹದಿಹರೆಯದಲ್ಲಿಯೇ ಶಾಲೆ ತೆರೆದು ಪಾಠ ಹೇಳಿದಳು, ಮಕ್ಕಳಿಗಾಗಿ ಪುಸ್ತಕ ಬರೆದಳು. ಆದರೆ ಎದೆಯ ಬೇನೆ ಆಕೆಯನ್ನು ಮತ್ತೆ ಮತ್ತೆ ಹಾಸಿಗೆ ಹಿಡಿಸುತ್ತಿತ್ತು. 1836ರಲ್ಲಿ ಆರೋಗ್ಯ ಪೂರ್ಣವಾಗಿ ಕುಸಿದಾಗ ವಿಶ್ರಾಂತಿಗೆಂದು ಇಂಗ್ಲೆಂಡಿಗೆ ಹೋಗಿ, ಲಿವರ್‌ಪೂಲ್ ನಗರದ ವಿಲಿಯಂ ರಾತ್‌ಬೋನ್ ಎಂಬ ಉದಾರಿಯ ಮನೆಯಲ್ಲಿ ತಂಗಿದಳು. ಆ ಮನೆ ಅಂದಿನ ಸಮಾಜಸುಧಾರಕರ ಕೂಟಸ್ಥಾನವಾಗಿತ್ತು.

ಆ ವೇಳೆಗೆ ಯಾರ್ಕ್ ನಗರದಲ್ಲಿ ಟ್ಯೂಕ್ ಮನೆತನದವರು 1796ರಲ್ಲಿ ತೆರೆದಿದ್ದ 'ರಿಟ್ರೀಟ್' ಎಂಬ ಆಶ್ರಯಧಾಮ ಹೆಸರಾಗಿತ್ತು. ಸರಪಳಿ, ಹೊಡೆತಗಳ ಸ್ಥಾನದಲ್ಲಿ ಅಲ್ಲಿ ಶಾಂತವಾದ ಪರಿಸರ, ಕೈಗೆ ಕೆಲಸ, ಸೌಜನ್ಯದ ಮಾತು ಇದ್ದವು. ಈ ಕ್ರಮವನ್ನು ಆ ಕಾಲದವರು 'ನೈತಿಕ ಚಿಕಿತ್ಸೆ' ಎಂದು ಕರೆದರು. ಇಲ್ಲಿ ನೈತಿಕವೆಂದರೆ ನೀತಿಬೋಧೆಯೆಂದು ತಿಳಿಯಬಾರದು. ಔಷಧ, ರಕ್ತಸ್ರಾವಗಳನ್ನು ನೆಚ್ಚದೆ ಮನಸ್ಸಿನ ಮೂಲಕವೇ ಮನಸ್ಸಿಗೆ ಮಾಡುವ ಉಪಚಾರವೆಂದು ಅದರ ಅರ್ಥ.

ಸ್ವದೇಶಕ್ಕೆ ಮರಳಿದ ಮೇಲೆ, ಅಜ್ಜಿ ಬಿಟ್ಟುಹೋದ ಆಸ್ತಿಯಿಂದ ಆಕೆಯ ಜೀವನಕ್ಕೆ ಕೊರತೆಯಿರಲಿಲ್ಲ. 1841ರ ಮಾರ್ಚ್ ತಿಂಗಳ ಒಂದು ಭಾನುವಾರ ಈಸ್ಟ್ ಕೇಂಬ್ರಿಜ್ ಸೆರೆಮನೆಯ ಸ್ತ್ರೀಯರಿಗೆ ಧರ್ಮಪಾಠ ಹೇಳಲು ಹೋದಳು. ಅಲ್ಲಿ ಯಾವ ಅಪರಾಧವನ್ನೂ ಮಾಡದ ಬುದ್ಧಿಭ್ರಮಣೆಯ ಹೆಂಗಸರೂ ಕೈದಿಗಳೊಡನೆ ಇದ್ದರು. ಅವರ ಕೋಣೆಯಲ್ಲಿ ಬೆಂಕಿಯ ಒಲೆಯಿರಲಿಲ್ಲ. ಕಾರಣ ಕೇಳಿದಾಗ, ಹುಚ್ಚರಿಗೆ ಚಳಿ ತಿಳಿಯುವುದಿಲ್ಲವೆಂಬ ಉತ್ತರ ಬಂತು. ಡಿಕ್ಸ್ ವಿಷಯವನ್ನು ನ್ಯಾಯಾಲಯದ ಮುಂದೆ ಇಟ್ಟಳು. ಒಲೆ ಬಂತು.

ಇತರ ಊರುಗಳ ಸ್ಥಿತಿ ಹೇಗಿರಬಹುದೆಂಬ ಪ್ರಶ್ನೆ ಅಲ್ಲಿಂದ ಹುಟ್ಟಿತು. ಅಂದಿನ ವ್ಯವಸ್ಥೆಯನ್ನು ಓದುಗರು ಸ್ವಲ್ಪ ತಿಳಿಯಬೇಕು. ದಿಕ್ಕಿಲ್ಲದ ಬಡವರ ಪೋಷಣೆ ಆಯಾ ಊರಿನ ಹೊಣೆಯಾಗಿತ್ತು. ಮಾನಸಿಕ ರೋಗಿಯೂ ಅವರಲ್ಲಿ ಒಬ್ಬ. ಆಸ್ಪತ್ರೆಗೆ ಕಳುಹಿಸಿದರೆ ಊರು ಹಣ ಕಟ್ಟಬೇಕು; ಅನಾಥಾಲಯದಲ್ಲಿಯೋ ಸೆರೆಮನೆಯಲ್ಲಿಯೋ ಕೂಡಿಹಾಕಿದರೆ ಖರ್ಚು ಕಡಿಮೆ. ಕೆಲವೆಡೆ ಇಂಥವರ ಪೋಷಣೆಯನ್ನು ಹರಾಜಿಗೇ ಇಡುತ್ತಿದ್ದರು. ನಮ್ಮಲ್ಲಿ ಹೆಚ್ಚಿಗೆ ಕೂಗಿದವನಿಗೆ ಮಾಲು. ಅಲ್ಲಿ ಎಲ್ಲರಿಗಿಂತ ಕಡಿಮೆ ಕೂಗಿದವನಿಗೆ ರೋಗಿ! ಅಷ್ಟು ಅಗ್ಗಕ್ಕೆ ಒಪ್ಪಿಕೊಂಡವನು ಎಷ್ಟು ಊಟ ಹಾಕುವನು, ಎಂಥ ಹಾಸಿಗೆ ಕೊಡುವನು ಎಂಬುದನ್ನು ಊಹಿಸಬಹುದು. ಇಲ್ಲಿ ಕ್ರೌರ್ಯಕ್ಕಿಂತ ಹೆಚ್ಚಾಗಿ ಮಿತವ್ಯಯವೇ ಸರಪಳಿಯನ್ನು ಹೆಣೆದಿತ್ತು.

ಡಿಕ್ಸ್ ಮ್ಯಾಸಚೂಸೆಟ್ಸ್ ರಾಜ್ಯದ ಸೆರೆಮನೆಗಳನ್ನೂ ಅನಾಥಾಲಯಗಳನ್ನೂ ಒಂದೊಂದಾಗಿ ಹೊಕ್ಕು ನೋಡಿದಳು. ಕಂಡದ್ದನ್ನು ಟಿಪ್ಪಣಿ ಪುಸ್ತಕದಲ್ಲಿ ಬರೆದಳು. 1843ರ ಜನವರಿಯಲ್ಲಿ ಅದೆಲ್ಲ ಒಂದು ಮನವಿಪತ್ರವಾಗಿ ರಾಜ್ಯದ ಶಾಸನಸಭೆಗೆ ಬಂತು. ಸ್ತ್ರೀಯೊಬ್ಬಳು ಸಭೆಯನ್ನು ಉದ್ದೇಶಿಸಿ ಮಾತನಾಡುವ ಕಾಲವಲ್ಲವಾದ್ದರಿಂದ, ಅಂಧರ ಶಿಕ್ಷಣಕ್ಕಾಗಿ ದುಡಿದ ಡಾ. ಸ್ಯಾಮುಯೆಲ್ ಹೋವ್ ಅದನ್ನು ಮಂಡಿಸಿದರು. ಆ ಪತ್ರದ ಬಲವಿದ್ದುದು ಅಲಂಕಾರದಲ್ಲಲ್ಲ, ಊರುಗಳ ಹೆಸರಿನಲ್ಲಿ. ಕಾನ್‌ಕಾರ್ಡ್‌ನಲ್ಲಿ ಬೋನಿನೊಳಗೆ ಒಬ್ಬ ಹೆಂಗಸು. ಮೆಡ್‌ಫರ್ಡ್‌ನಲ್ಲಿ ಹದಿನೇಳು ವರ್ಷ ಇಕ್ಕಟ್ಟಿನ ಕೊಟ್ಟಿಗೆಯಲ್ಲಿ ಕಳೆದ ಒಬ್ಬ ರೋಗಿ - ಹೀಗೆ ಪಟ್ಟಿ ಸಾಗುತ್ತದೆ. ಹಲವು ಊರುಗಳ ಅಧಿಕಾರಿಗಳು ಇದು ಸುಳ್ಳೆಂದು ಸಿಡಿದೆದ್ದರು. ಆದರೂ ವೂಸ್ಟರ್ ನಗರದ ಆಸ್ಪತ್ರೆಯನ್ನು ವಿಸ್ತರಿಸುವ ಮಸೂದೆಗೆ ಒಪ್ಪಿಗೆ ದೊರೆಯಿತು.

ಮುಂದಿನ ರಾಜ್ಯಗಳಲ್ಲಿಯೂ ಇದೇ ಕ್ರಮ: ಮೊದಲು ಸಂಚಾರ, ಬಳಿಕ ಮನವಿ, ಆಮೇಲೆ ಸದಸ್ಯರನ್ನು ಒಬ್ಬೊಬ್ಬರಾಗಿ ಕಂಡು ಒಲಿಸುವುದು. ನ್ಯೂ ಜೆರ್ಸಿಯ ಟ್ರೆಂಟನ್ನಿನಲ್ಲಿ 1848ರಲ್ಲಿ ತೆರೆದ ಆಸ್ಪತ್ರೆಯನ್ನು ಆಕೆ ತನ್ನ ಚೊಚ್ಚಲ ಮಗುವೆಂದು ಕರೆಯುತ್ತಿದ್ದಳು. ಅದೇ ವರ್ಷ ಉತ್ತರ ಕ್ಯಾರೊಲೈನದ ರಾಜಧಾನಿ ರಾಲಿಯಲ್ಲಿ ಮಸೂದೆ ಬಿದ್ದುಹೋಗುವ ಸ್ಥಿತಿಯಲ್ಲಿತ್ತು. ಆಕೆ ತಂಗಿದ್ದ ಹೋಟೆಲಿನಲ್ಲಿಯೇ ಸಭಾಸದ ಜೇಮ್ಸ್ ಡಾಬಿನ್ನನ ಪತ್ನಿ ಮರಣಶಯ್ಯೆಯಲ್ಲಿದ್ದಳು. ಡಿಕ್ಸ್ ಆಕೆಯ ಶುಶ್ರೂಷೆ ಮಾಡಿದಳು. ಪತ್ನಿಯ ಕೊನೆಯ ಕೋರಿಕೆಯಂತೆ ಡಾಬಿನ್, ಅಂತ್ಯಕ್ರಿಯೆ ಮುಗಿಸಿ ಸಭೆಗೆ ಬಂದು ಮಾತನಾಡಿದ. ಮಸೂದೆ ಗೆದ್ದಿತು, 1856ರಲ್ಲಿ ಆಸ್ಪತ್ರೆ ತೆರೆಯಿತು.

ಆದರೆ ಒಂದೊಂದು ರಾಜ್ಯವನ್ನು ಬೇಡುತ್ತ ಎಷ್ಟು ಕಾಲ ಕಳೆಯುವುದು? ಕೇಂದ್ರ ಸರ್ಕಾರದ ವಶದಲ್ಲಿದ್ದ ಅಪಾರ ಭೂಮಿಯಲ್ಲಿ ಒಂದು ಭಾಗವನ್ನು ಮೀಸಲಿಟ್ಟು, ಅದರ ಉತ್ಪನ್ನದಿಂದ ಬಡ ರೋಗಿಗಳನ್ನು ಪೋಷಿಸಬೇಕೆಂದು ಆಕೆ 1848ರಲ್ಲಿ ಅಮೆರಿಕದ ಸಂಸತ್ತನ್ನು ಕೇಳಿದಳು. ಆರು ವರ್ಷಗಳ ಹೋರಾಟದ ಬಳಿಕ, 1854ರಲ್ಲಿ, 1,22,25,000 ಎಕರೆಯ ಮಸೂದೆ ಎರಡೂ ಸದನಗಳಲ್ಲಿ ಅಂಗೀಕಾರವಾಯಿತು. ಅಧ್ಯಕ್ಷ ಫ್ರಾಂಕ್ಲಿನ್ ಪಿಯರ್ಸ್ ಅದನ್ನು ತಡೆಹಿಡಿದ. ದಾನಧರ್ಮದ ಹೊಣೆಯನ್ನು ಸಂವಿಧಾನವು ಕೇಂದ್ರಕ್ಕೆ ಕೊಟ್ಟಿಲ್ಲ, ಅದು ರಾಜ್ಯಗಳದು ಎಂಬುದು ಅವನ ವಾದ. ಆಕೆಯ ಬಾಳಿನ ದೊಡ್ಡ ಸೋಲು ಇದೇ. ರೋಗಿಯ ಅನ್ನ ಮತ್ತೆ ಆಯಾ ರಾಜ್ಯದ ವಾರ್ಷಿಕ ಮುಂಗಡಪತ್ರದ ಕೃಪೆಗೆ ಬಿದ್ದಿತು.

ನೊಂದ ಡಿಕ್ಸ್ ಯೂರೋಪಿಗೆ ಹೋದಳು. ಅಲ್ಲಿಯೂ ಸುಮ್ಮನೆ ಕೂರಲಿಲ್ಲ. ಸ್ಕಾಟ್‌ಲೆಂಡಿನ ಖಾಸಗಿ ಹುಚ್ಚಾಸ್ಪತ್ರೆಗಳ ದುಃಸ್ಥಿತಿಯನ್ನು ಲಂಡನ್ನಿನ ಸರ್ಕಾರಕ್ಕೆ ತಿಳಿಸಿ, 1855ರಲ್ಲಿ ವಿಚಾರಣಾ ಆಯೋಗ ನೇಮಕವಾಗುವಂತೆ ಮಾಡಿದಳು. 1857ರಲ್ಲಿ ಹೊಸ ಕಾನೂನೇ ಬಂತು. ಅಮೆರಿಕದ ಅಂತರ್ಯುದ್ಧದಲ್ಲಿ, 1861ರಿಂದ, ಸೇನೆಯ ದಾದಿಯರ ಮೇಲ್ವಿಚಾರಕಿಯಾಗಿದ್ದಳು. ಅಲ್ಲಿ ಆಕೆಯ ಹಟದ ಸ್ವಭಾವ ವೈದ್ಯರೊಡನೆ ಹೊಂದಲಿಲ್ಲ. ದಕ್ಷಿಣದ ಶಾಸನಸಭೆಗಳ ಬೆಂಬಲ ಕಳೆದುಕೊಳ್ಳಬಾರದೆಂದು ಗುಲಾಮಗಿರಿಯ ವಿಷಯದಲ್ಲಿ ಆಕೆ ಮೌನವಾಗಿದ್ದುದೂ ನಿಜ. ಚರಿತ್ರೆ ಅದನ್ನು ಮರೆಯುವಂತಿಲ್ಲ.

ಯುದ್ಧ ಮುಗಿದು ತನ್ನ ಆಸ್ಪತ್ರೆಗಳಿಗೆ ಮರಳಿ ಬಂದಾಗ ಅವು ಬದಲಾಗುತ್ತಿದ್ದವು. ಒಂದು ಆಸ್ಪತ್ರೆಯಲ್ಲಿ 250ಕ್ಕಿಂತ ಹೆಚ್ಚು ರೋಗಿಗಳಿರಬಾರದೆಂಬುದು ಹಿಂದಿನ ವೈದ್ಯರ ನಿಯಮ. 1866ರಲ್ಲಿ ಅವರ ಸಂಘವೇ ಆ ಮಿತಿಯನ್ನು 600ಕ್ಕೆ ಏರಿಸಿತು. ರೋಗಿಯ ಹೆಸರು, ಹಿನ್ನೆಲೆ, ಅಭಿರುಚಿಗಳನ್ನು ವೈದ್ಯನು ಬಲ್ಲವನಾದರೆ ಮಾತ್ರ ನಡೆಯುವ ಚಿಕಿತ್ಸೆ, ಜನಸಂದಣಿಯಲ್ಲಿ ಹೇಗೆ ನಡೆದೀತು? ಕಟ್ಟಡಗಳು ಉಳಿದವು; ಕಾಲಕ್ರಮದಲ್ಲಿ ಹಲವೆಡೆ ಅವು ಬರಿಯ ದೊಡ್ಡಿಗಳಾದವು. ಆಕೆಯ ಚೊಚ್ಚಲ ಮಗುವಾದ ಟ್ರೆಂಟನ್ ಆಸ್ಪತ್ರೆಯಲ್ಲಿಯೇ ಇಪ್ಪತ್ತನೆಯ ಶತಮಾನದ ಆರಂಭದಲ್ಲಿ ಹೆನ್ರಿ ಕಾಟನ್ ಎಂಬ ವೈದ್ಯನು, ದೇಹದಲ್ಲಿ ಅಡಗಿದ ಸೋಂಕೇ ಹುಚ್ಚಿಗೆ ಕಾರಣವೆಂದು ನಂಬಿ, ರೋಗಿಗಳ ಹಲ್ಲುಗಳನ್ನೂ ಒಳಾಂಗಗಳನ್ನೂ ಕತ್ತರಿಸಿ ತೆಗೆಸಿದ.

ಅದನ್ನು ನೋಡಲು ಡಿಕ್ಸ್ ಇರಲಿಲ್ಲ. 1881ರಲ್ಲಿ ಟ್ರೆಂಟನ್ ಆಸ್ಪತ್ರೆಯವರು ತಮ್ಮ ಆವರಣದಲ್ಲಿಯೇ ಆಕೆಗೆ ಕೊಠಡಿ ಬಿಟ್ಟುಕೊಟ್ಟರು. 1887ರ ಜುಲೈ 17ರಂದು ಅಲ್ಲಿಯೇ ತೀರಿಕೊಂಡಳು. ರಾಲಿಯ ಆಸ್ಪತ್ರೆಗೆ ತನ್ನ ಹೆಸರಿಡಲು ಆಕೆ ಒಪ್ಪಿರಲಿಲ್ಲ. ಅದು ನಿಂತಿದ್ದ ಗುಡ್ಡಕ್ಕೆ ಅಜ್ಜನ ನೆನಪಿಗೆ ಡಿಕ್ಸ್ ಗುಡ್ಡವೆಂಬ ಹೆಸರು ಬಂತು. ಆಕೆಯ ಹೆಸರನ್ನೇ ಆಸ್ಪತ್ರೆಗೆ ಇಟ್ಟದ್ದು 1959ರಲ್ಲಿ. 2012ರಲ್ಲಿ ಆ ಆಸ್ಪತ್ರೆ ಮುಚ್ಚಿತು. 2015ರಲ್ಲಿ ನಗರಸಭೆ ಆ ನೆಲವನ್ನು ಸಾರ್ವಜನಿಕ ಉದ್ಯಾನಕ್ಕಾಗಿ ಕೊಂಡುಕೊಂಡಿತು.