ಚಿತ್ರವಿಲ್ಲದ ನೆನಪು

ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿರುವದರಿಂದ, ನಾವು ತಡವಾಗಿ ಕಲಿತ ಒಂದು ಸಂಗತಿಯನ್ನು ಇಲ್ಲಿ ಅರಿಕೆಮಾಡುವೆವು.

ಕೆಲವು ವರುಷಗಳ ಕೆಳಗೆ ಎಂಟನೆಯ ತರಗತಿಯಲ್ಲಿ ಒಬ್ಬ ಹುಡುಗಿಯಿದ್ದಳು. ಉಪಾಧ್ಯಾಯಿನಿಯು ಮೇಜನ್ನು ತಟ್ಟಿ ತುಸು ಗಟ್ಟಿಯಾಗಿ ಮಾತಾಡಿದರೆ ಸಾಕು, ಅವಳ ಮುಖವು ಬಿಳಿಚುವದು, ಬಾಯಿ ಕಟ್ಟುವದು. ಮೊಂಡುತನವೆಂದೆಣಿಸಿ ನಾವೇ ಅವಳನ್ನು ಹೊರಗೆ ನಿಲ್ಲಿಸಿದೆವು. ಎಳೆತನದಲ್ಲಿ ಅವಳು ದಿನಂಪ್ರತಿ ಪೆಟ್ಟು ಬೈಗಳುಗಳ ನಡುವೆ ಬೆಳೆದವಳೆಂದು ಬಹುಕಾಲದ ಮೇಲೆ ತಿಳಿಯಿತು. ಆ ಹೊತ್ತಿನಲ್ಲಿ ಏನು ನೆನಪಾಗುತ್ತಿತ್ತೆಂದು ವಿಚಾರಿಸಲು, "ಏನೂ ನೆನಪಾಗುತ್ತಿರಲಿಲ್ಲ, ಅಮ್ಮಾ. ಬರೇ ಹೆದರಿಕೆ. ನಾನು ತೀರ ಚಿಕ್ಕವಳಾಗಿಬಿಟ್ಟ ಹಾಗೆ" ಅಂದಳು.

ಆ ಮಾತಿನಲ್ಲೇ ವಿಷಯವೆಲ್ಲವೂ ಅಡಗಿದೆ. ಭಯಾನಕ ಅನುಭವವು ಮನಸ್ಸಿಗೆ ಮಾಡುವ ಗಾಯವನ್ನು ವೈದ್ಯರು ಸಿಪಾಯಿಗಳಲ್ಲಿ ಗಮನಿಸಿದರು. 1915ರಲ್ಲಿ ಚಾರ್ಲ್ಸ್ ಮೈಯರ್ಸ್ ಎಂಬವರು 'ಶೆಲ್ ಶಾಕ್' ಎಂಬ ಹೆಸರಿನಿಂದ ಅದನ್ನು ಕುರಿತು ಬರೆದರು. ಸಿಪಾಯಿಗೆ ರಣರಂಗದ ನೋಟವು ಕಣ್ಣೆದುರಿಗೆ ಮರಳಿ ಬರುವದುಂಟು. ಬಹುಕಾಲ ನೋವುಂಡ ಮಗುವಿಗಾದರೋ, ಅನೇಕ ವೇಳೆ ನೋಟವಿಲ್ಲದೆ ಅಂದಿನ ಭೀತಿ, ನಾಚಿಕೆ, ಅನಾಥಭಾವ ಇವು ಮಾತ್ರ ಮರಳುವವು. ಪೀಟ್ ವಾಕರ್ ಎಂಬ ಅಮೇರಿಕದ ಚಿಕಿತ್ಸಕರು ಇದನ್ನು 'ಎಮೋಶನಲ್ ಫ್ಲ್ಯಾಶ್‌ಬ್ಯಾಕ್' ಅನ್ನುವರು. ನಾವು ಭಾವದ ಮರುಕಳಿಕೆ ಎನ್ನೋಣ. ಮಿದುಳಿನಲ್ಲಿ ಬಾದಾಮಿಯಾಕಾರದ ಅಮಿಗ್ಡಲವೆಂಬ ಭಾಗವು ಅಪಾಯದ ಸುಳಿವಿಗೆ, ಯೋಚನೆಗಿಂತ ಮುಂಚೆಯೇ, ದೇಹವನ್ನು ಎಬ್ಬಿಸುವದು. ಚಿತ್ರವು ಬಾರದಿರುವದರಿಂದ ಇದು ಹಳೆಯದೆಂದು ಅವಳಿಗೇ ಹೊಳೆಯದು. ಈಗಲೇ ಆಪತ್ತು ಬಂತೆಂದೂ ತಾನೇ ಕೆಟ್ಟವಳೆಂದೂ ನಂಬುವಳು. ನೋಡುವವರು ಸೊಕ್ಕೆನ್ನುವರು. ನಾವೂ ಅಂದೆವಲ್ಲ!

ಅಂಥ ಸಮಯದಲ್ಲಿ "ಯಾಕೆ ಹೀಗೆ ಮಾಡುತ್ತೀ?" ಎಂದು ಕೇಳಬೇಡಿರಿ, ಅವಳಲ್ಲಿ ಉತ್ತರವಿಲ್ಲ. ಕೇಳದೆ ಮುಟ್ಟಲೂ ಬೇಡಿರಿ. ತಗ್ಗಿದ ಸ್ವರದಲ್ಲಿ ಅವಳ ಹೆಸರು ಹಿಡಿದು, ಇಂದು ಯಾವ ವಾರ, ನಾವೆಲ್ಲಿ ಕೂತಿದ್ದೇವೆ, ಎಂದು ಹೇಳಿರಿ. ಪಾದಗಳನ್ನು ನೆಲಕ್ಕೆ ಊರಿ, ಉಸಿರನ್ನು ಮೆಲ್ಲಗೆ ಬಿಡಲಿ. ಇಳಿದ ಮೇಲೆ, ಇದು ಹಳೆಯ ಹೆದರಿಕೆಯೆಂದು ತಿಳಿಸಿರಿ. ಮತ್ತೆಮತ್ತೆ ಬರುವದಾದರೆ ಮನೋವೈದ್ಯರ ಬಳಿಗೆ ಕರಕೊಂಡುಹೋಗುವದರಲ್ಲಿ ಸಂಕೋಚ ಬೇಡ; ಚಿಕಿತ್ಸೆಯುಂಟು. ಮನೆಯಲ್ಲಿ ಈಗಲೂ ಹೊಡೆತವು ನಡೆಯುತ್ತಿದ್ದರೆ ಅದನ್ನು ಮೊದಲು ನಿಲ್ಲಿಸಬೇಕು. ಅಲ್ಲಿ ಅವಳ ಹೆದರಿಕೆಯು ಹಳೆಯದಲ್ಲ.

ನಮ್ಮಲ್ಲಿ ಮೇಜು ತಟ್ಟುವ ರೂಢಿಯನ್ನು ಬಿಟ್ಟಿದ್ದೇವೆ. ಗದ್ದಲವಾದಾಗ ಉಪಾಧ್ಯಾಯಿನಿಯರು ಕೈಯೆತ್ತಿ ಸುಮ್ಮನೆ ನಿಲ್ಲುವರು. ಶಾಂತವಾಗುವದಕ್ಕೆ ತುಸು ಹೊತ್ತು ಹಿಡಿಯುವದು ನಿಜ.